ಅತ್ತೆಯ ದೋಟಿ

ನನ್ನ ಅತ್ತೆಗೆ ಈಜು ಬರುವುದಿಲ್ಲ. ಈಜು ಹೋಗಲಿ, ಮೊಣಕಾಲು ಮಟ್ಟದ ನೀರಿಗೆ ಕೂಡ ಅವರು ಇಳಿದವರಲ್ಲ. ಬಂಟ್ವಾಳದ ನಮ್ಮ ಮನೆಯಿಂದ ನೇತ್ರಾವತಿ ಕೂಗಳತೆಯ ದೂರ. ಮದುವೆಯಾಗಿ ಬಂದಂದಿನಿಂದ ಒಮ್ಮೆಯೂ ಅವರು ಹೊಳೆ ನೋಡಲೆಂದು ಹೋದದ್ದಿಲ್ಲವಂತೆ. ನೆರೆ ಬಂದ ವರ್ಷ ಹೊಳೆಯೇ ಪೇಟೆಯೊಳಗೆ ಬಂದಾಗಲೂ ಅಂಗಳದ ತುದಿಯವರೆಗೆ ಹೋಗಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ಬಂದರಂತೆ. ಇಂಥ ಹೆಂಗಸಿನಿಂದ ನಾನು ಈಜುಗಾರ್ತಿಯಾದೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ನನಗೆ ಕಣ್ಣು ಕಾಣುವುದಿಲ್ಲವಾದ್ದರಿಂದ ನಗುವವರ ಮುಖ ನೋಡುವ ಕಷ್ಟವಾದರೂ ಇಲ್ಲ.

ನನ್ನ ಕಣ್ಣು ಒಂದೇ ದಿನ ಹೋದದ್ದಲ್ಲ. ಮದುವೆಯಾದ ಮೇಲೆ ಮೊದಲು ಮುಸ್ಸಂಜೆ ಕಾಣದಾಯಿತು, ಆಮೇಲೆ ಬದಿಯಿಂದ ಬರುವವರು ಕಾಣದಾದರು, ಕೊನೆಗೆ ನಾನು ಪಾಠ ಮಾಡುವ ಕರಿಹಲಗೆ ಕಾಣದಾಯಿತು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವುದಕ್ಕೆ ಬಾಯಿ ಸಾಕು, ಹಾಗಾಗಿ ಕೆಲಸ ಉಳಿಯಿತು. ಉಳಿಯದೆ ಹೋದದ್ದು ನಡಿಗೆ. ಲಾಯಿಲದ ತವರಿನಲ್ಲಿ ಗುಡ್ಡೆ ಹತ್ತಿ ಇಳಿದು ಬೆಳೆದವಳು ನಾನು. ಈಗ ಕೈ ಮುಂದೆ ಚಾಚದೆ ಹೆಜ್ಜೆ ಎತ್ತುವುದು ಆಗುತ್ತಿರಲಿಲ್ಲ. ನನ್ನ ಮೈ ನನಗೇ ಭಾರವಾಗಿತ್ತು. ಗಂಡ ಮಸ್ಕತ್‌ನಲ್ಲಿ, ಮನೆಯಲ್ಲಿ ನಾನು ಮತ್ತು ಅತ್ತೆ. ಅವರು ಹೋದ ಕೋಣೆಗೆಲ್ಲ ನಾನು, ನಾನು ಹೋದ ಕೋಣೆಗೆಲ್ಲ ಅವರು.

ಮೂಡುಬಿದಿರೆಯ ಈಜುಕೊಳದಲ್ಲಿ ಭಾನುವಾರ ಬೆಳಿಗ್ಗೆ ನಮ್ಮಂಥವರಿಗೆ ಈಜು ಕಲಿಸುವ ಕೋಚ್ ಒಬ್ಬರು ಇದ್ದಾರೆ ಎಂದು ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಹೇಳಿದರು. ನಮ್ಮಂಥವರಿಗೆ ಸರ್ಕಾರದ ಕಾಗದದಲ್ಲಿ ಈಗ ಒಳ್ಳೊಳ್ಳೆಯ ಹೆಸರುಗಳಿವೆ. ಆ ಹೆಸರು ಇಟ್ಟುಕೊಂಡು ರಸ್ತೆ ದಾಟಲು ಆಗುವುದಿಲ್ಲ, ಅಷ್ಟೆ. ನಾನು ಹೋಗುತ್ತೇನೆ ಎಂದು ಅತ್ತೆಗೆ ಹೇಳಿದೆ. ಮನೆಯಲ್ಲಿ ನಮ್ಮ ಮಾತೆಲ್ಲ ತುಳುವಿನಲ್ಲಿ, ನಾನು ಅವರನ್ನು ಮಾಮಿ ಎಂದು ಕರೆಯುವುದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಣ್ಣು ಕಾಣುವವರೇ ನೀರಿಗೆ ಬಿದ್ದು ಸಾಯ್ತಾರೆ," ಎಂದರು ಅವರು.

"ನಾನು ಬೀಳುವುದಲ್ಲ ಮಾಮಿ, ಇಳಿಯುವುದು."

"ನಾನೂ ಬರ್ತೇನೆ. ನೀನು ಮುಳುಗಿದರೆ ಬೊಬ್ಬೆ ಹೊಡೆಯಲಿಕ್ಕೆ ಒಬ್ಬರು ಬೇಕಲ್ಲ."

ಹಾಗೆ ಬೊಬ್ಬೆ ಹೊಡೆಯುವ ಕೆಲಸಕ್ಕೆಂದು ಬಂದವರು ಅವರು.

ನೀರು ನನ್ನನ್ನು ಮೊದಲ ದಿನವೇ ಒಪ್ಪಿಕೊಂಡಿತು. ಅಲ್ಲಿ ಮೇಜು ಇಲ್ಲ, ಹೊಸ್ತಿಲು ಇಲ್ಲ, ಯಾರೋ ಅರ್ಧ ತೆರೆದಿಟ್ಟ ಬಾಗಿಲು ಇಲ್ಲ. ಎಷ್ಟೋ ಕಾಲದ ಮೇಲೆ ನಾನು ಕೈಯನ್ನು ಹೆದರಿಕೆಯಿಂದಲ್ಲದೆ ಮುಂದೆ ಚಾಚಿದೆ. ಅಳು ಬಂತು, ನೀರಿನಲ್ಲಿ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಅಂದೇ ತಿಳಿಯಿತು. ಆದರೆ ಕೊಳಕ್ಕೆ ಗೋಡೆ ಉಂಟಲ್ಲ. ಸ್ವಲ್ಪ ಈಜು ಬಂದು ಧೈರ್ಯ ಹೆಚ್ಚಾದ ಒಂದು ಭಾನುವಾರ ಹೋಗಿ ನೆತ್ತಿಯನ್ನು ಗೋಡೆಗೆ ಹೊಡೆದುಕೊಂಡೆ. ಕೋಚ್ "ನಿಲ್ಲಿ, ನಿಲ್ಲಿ" ಎಂದು ಕೂಗಿದರಂತೆ, ಅತ್ತೆ ಕೊಳವೇ ನಡುಗುವ ಹಾಗೆ ಬೊಬ್ಬೆ ಹೊಡೆದರಂತೆ. ಕಿವಿ ನೀರಿನೊಳಗಿದ್ದ ನನಗೆ ಒಂದೂ ಕೇಳಿಸಲಿಲ್ಲ.

ಆಗ ಕೋಚ್ ತಟ್ಟುವವರ ವಿಷಯ ಹೇಳಿದರು. ಕಣ್ಣು ಕಾಣದ ಈಜುಗಾರರ ಸ್ಪರ್ಧೆಗಳಲ್ಲಿ ಕೊಳದ ಎರಡೂ ತುದಿಯಲ್ಲಿ ಒಬ್ಬೊಬ್ಬರು ಉದ್ದ ಕೋಲು ಹಿಡಿದು ನಿಲ್ಲುತ್ತಾರೆ. ಕೋಲಿನ ತುದಿಗೆ ಮೆತ್ತನೆಯ ಸ್ಪಂಜು. ಈಜುವವರು ಗೋಡೆಯ ಹತ್ತಿರ ಬಂದಾಗ ಬೆನ್ನಿಗೋ ಹೆಗಲಿಗೋ ಒಮ್ಮೆ ತಟ್ಟುತ್ತಾರೆ. ಬೇಗ ತಟ್ಟಿದರೆ ವೇಗ ಹೋಯಿತು, ತಡವಾದರೆ ತಲೆ ಹೋಯಿತು. ಆ ಕಡೆ ತಾನು ನಿಲ್ಲುತ್ತೇನೆ, ಈ ಕಡೆಗೆ ಪ್ರತಿ ಭಾನುವಾರ ತಪ್ಪದೆ ಬರುವ ಒಬ್ಬರು ಬೇಕು, ಕೋಲು ಬೆಂಗಳೂರಿನಿಂದ ತರಿಸುವ ಎಂದರು.

ಮುಂದಿನ ಭಾನುವಾರ ಅತ್ತೆ ನಮ್ಮ ಹಿತ್ತಲಿನ ಪೇರಳೆ ಕೊಯ್ಯುವ ಉದ್ದ ಬಿದಿರಿನ ದೋಟಿಯನ್ನು ಹಿಡಿದುಕೊಂಡು ಹೊರಟರು. ತುದಿಯ ಕೊಕ್ಕೆ ಬಿಚ್ಚಿ, ಹಳೆಯ ದಿಂಬಿನ ಸ್ಪಂಜು ತುಂಬಿಸಿ, ಸೀರೆಯ ತುಂಡು ಸುತ್ತಿ ಬಿಗಿದಿದ್ದರು. ಸಿದ್ಧಕಟ್ಟೆಯ ಮೇಲಾಗಿ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ತಡೆದ.

"ಅಮ್ಮ, ದೋಟಿ ಒಳಗೆ ಬೇಡ. ಯಾರದಾದರೂ ಕಣ್ಣಿಗೆ ತಾಗಿದರೆ?"

"ನಮ್ಮಲ್ಲಿ ಒಬ್ಬಳಿದ್ದಾಳೆ, ಇನ್ನೊಬ್ಬರನ್ನು ಮಾಡುವುದಿಲ್ಲ," ಎಂದು ಅತ್ತೆ ಮುಂದೆ ನಡೆದರು. ನನಗೆ ನಗು ತಡೆಯಲು ಆಗಲಿಲ್ಲ. ಅದೇ ಕಂಡಕ್ಟರ್ ಆಮೇಲೆ ಪ್ರತಿ ಭಾನುವಾರ ಡ್ರೈವರನ ಹಿಂದೆ ದೋಟಿಗೆ ಜಾಗ ಮಾಡಿಕೊಡುತ್ತಿದ್ದ. ಬೆಂಗಳೂರಿನ ಕೋಲು ಬಂತು, ಅದು ಹಗುರ, ತನಗೆ ಆಗುವುದಿಲ್ಲ ಎಂದು ಅತ್ತೆ ಅದನ್ನು ಕೋಚಿಗೇ ಬಿಟ್ಟರು.

ಮೊದಮೊದಲು ಅವರು ತಟ್ಟುತ್ತಿರಲಿಲ್ಲ, ಬಡಿಯುತ್ತಿದ್ದರು. ಸೊಸೆಗೆ ಹೊಡೆಯಲು ಊರೆದುರೇ ಅವಕಾಶ ಸಿಕ್ಕಿದೆ ಎಂದು ನಾನು ತಮಾಷೆ ಮಾಡಿದರೆ ಅವರಿಗೆ ಸಿಟ್ಟು. ಕ್ರಮೇಣ ಕೈ ಕುದುರಿತು. ಹಲಸಿನ ಕಾಯಿ ಬೆಳೆದಿದೆಯೋ ಎಂದು ಬಡಿದು ನೋಡುತ್ತಾರಲ್ಲ, ಅಷ್ಟೇ ಹದ: ಒಂದು ಸಲ, ಎಡ ಹೆಗಲಿನ ಮೇಲೆ. ಆ ತಟ್ಟು ಬಿದ್ದ ಮೇಲೆ ಕೈ ಚಾಚಿದರೆ ಬೆರಳಿಗೆ ಗೋಡೆ. ಅವರ ಕಡೆಗೆ ಬರುವಾಗ ನಾನು ಒಮ್ಮೆಯೂ ವೇಗ ಕಡಿಮೆ ಮಾಡಿದವಳಲ್ಲ. ಆದರೆ ಅವರ ನೀರಿನ ಹೆದರಿಕೆ ಮಾತ್ರ ಹೋಗಲಿಲ್ಲ. ತಟ್ಟುವವರು ಕೊಳದ ಅಂಚಿನಲ್ಲೇ ನಿಲ್ಲಬೇಕು. ಅತ್ತೆ ಬಲಗೈಯಲ್ಲಿ ದೋಟಿ, ಎಡಗೈಯಲ್ಲಿ ಪಕ್ಕದ ಕಬ್ಬಿಣದ ಸರಳು ಹಿಡಿದು ನಿಲ್ಲುತ್ತಿದ್ದರಂತೆ. ಸರಳು ಹಿಡಿದ ಕೈಯ ಗೆಣ್ಣುಗಳು ಬೆಳ್ಳಗಾಗಿರುತ್ತಿದ್ದವು ಎಂದು ಕೋಚ್ ಹೇಳಿದ್ದು. ಅತ್ತೆ ಹೇಳಿದ್ದಲ್ಲ.

ವರ್ಷಗಳು ಕಳೆದವು. ಜಿಲ್ಲೆ, ರಾಜ್ಯ ಎಂದು ಪದಕಗಳು ಬಂದವು. ಪೇಪರಿನಲ್ಲಿ ನನ್ನ ಫೋಟೊ ಬಂತು. ಶಾಲೆಯಲ್ಲಿ ಒಬ್ಬರು ನನಗೆ ಅದನ್ನು ವರ್ಣಿಸುತ್ತ, "ಚಂದ ಬಂದಿದೆ ಟೀಚರ್, ನಿಮ್ಮ ತಲೆಯ ಮೇಲೆ ಎಂಥದೋ ಕೋಲಿನ ತುದಿ ಮಾತ್ರ ಅಡ್ಡ ಬಂದಿದೆ," ಎಂದರು. ಕೋಲು ಹಿಡಿದವರನ್ನು ಕತ್ತರಿಸಿ ಹಾಕಿದ್ದರು. ಸುದ್ದಿಯಲ್ಲಿ ಛಲ, ಸಾಧನೆ, ಸ್ಫೂರ್ತಿ ಎಲ್ಲ ಇತ್ತು, ಅತ್ತೆ ಇರಲಿಲ್ಲ. ನನಗೆ ಅಂದೇ ಒಳಗೆ ಉರಿಯತೊಡಗಿತು. ಅಷ್ಟರಲ್ಲಿ ಅತ್ತೆಯ ಮೊಣಕಾಲು ಕೈಕೊಟ್ಟಿತು. ಒದ್ದೆ ನೆಲದಲ್ಲಿ ಇನ್ನು ನಿಲ್ಲಬಾರದು ಎಂದು ಡಾಕ್ಟರು ಹೇಳಿದರು. ಆ ವರ್ಷದ ಮೂಡುಬಿದಿರೆಯ ಸ್ಪರ್ಧೆ ಒಂದಕ್ಕೆ ನಿಂತು ದೋಟಿ ಇಳಿಸುತ್ತೇನೆ ಎಂದು ಅತ್ತೆ ತೀರ್ಮಾನ ಮಾಡಿದರು. ಅವರು ದೋಟಿ ಇಳಿಸುವ ಮೊದಲು ಒಂದು ಸಲವಾದರೂ, ಇದು ಇವರು ಮಾಡಿದ ಕೆಲಸ ಎಂದು ನಾಲ್ಕು ಜನರೆದುರು ಯಾರಾದರೂ ಹೇಳಬೇಕು. ನನಗೆ ಬೇಕಾಗಿದ್ದದ್ದು ಇಷ್ಟೆ.

ಅದೇ ಸಮಯಕ್ಕೆ ಬೆಳ್ತಂಗಡಿಯ ಒಂದು ಸಂಘದಿಂದ ಫೋನ್ ಬಂತು. "ಟೀಚರ್, ನೀವು ನಮ್ಮ ಲಾಯಿಲದ ಮಗಳು. ಈ ಸಲದ ವಾರ್ಷಿಕೋತ್ಸವದಲ್ಲಿ ನಿಮ್ಮನ್ನು ಸನ್ಮಾನ ಮಾಡುವ ಅಂತ ಉಂಟು."

ನಾನು ಒಂದೇ ಮಾತು ಕೇಳಿದೆ. "ಎರಡು ಕುರ್ಚಿ ಇಡಬೇಕು. ಒಂದು ನನಗೆ, ಒಂದು ನನ್ನ ಅತ್ತೆಗೆ. ಇಷ್ಟು ವರ್ಷ ನನಗೆ ಕೋಲು ಹಿಡಿದವರು ಅವರು. ಅವರಿಗೂ ಶಾಲು ಹೊದೆಸಬೇಕು."

"ಖಂಡಿತ ಟೀಚರ್. ಅದಕ್ಕೆಂತ? ಎರಡು ಕುರ್ಚಿ ಇಡುವ."

ಸನ್ಮಾನಕ್ಕೆ ನಾಲ್ಕು ದಿನ ಇರುವಾಗ ಗಂಡ ರಜೆಯಲ್ಲಿ ಬಂದರು. ಮೂವರೂ ಕಾರಿನಲ್ಲಿ ಬೆಳ್ತಂಗಡಿಗೆ ಹೋದೆವು. ಅತ್ತೆ ಹೊಸ ಸೀರೆ ಉಟ್ಟಿದ್ದರು. ಹೆಜ್ಜೆ ಹಾಕುವಾಗ ಆ ಸೀರೆಯ ಸರಸರ ನನಗೆ ಕೇಳುತ್ತಿತ್ತು. ಬೇಡ, ಬೇಡ ಎನ್ನುತ್ತಲೇ ಉಟ್ಟ ಸೀರೆ.

ಹೆಸರು ಕರೆದಾಗ ಯಾರೋ ಹುಡುಗಿ ನನ್ನ ತೋಳು ಹಿಡಿದು ವೇದಿಕೆ ಹತ್ತಿಸಿ ಕೂರಿಸಿದಳು. ಪಕ್ಕದ ಕುರ್ಚಿ ಕಿರ್ರೆಂದಿತು, ಯಾರೋ ಕೂತರು. ಅತ್ತೆ ಎಂದುಕೊಂಡೆ. ಎದೆ ತುಂಬಿತು. ಮಲ್ಲಿಗೆ, ಸೆಂಟು, ಊದುಬತ್ತಿ ಎಲ್ಲ ಸೇರಿದ ಆ ಘಮದಲ್ಲಿ ಅತ್ತೆ ತಲೆಗೆ ಹಚ್ಚುವ ಎಣ್ಣೆಯ ವಾಸನೆ ಹುಡುಕುವುದು ಸಾಧ್ಯವಿರಲಿಲ್ಲ. ಸನ್ಮಾನಪತ್ರ ಓದಿದರು. ಅದರಲ್ಲಿ "ಪತಿಯ ಅಖಂಡ ಪ್ರೋತ್ಸಾಹ" ಎಂದು ಒಂದು ಸಾಲು ಬಂತು. ಎಲ್ಲರ ಪತ್ರದಲ್ಲೂ ಇರುವ ಸಾಲು, ಇದರಲ್ಲೂ ಇರಲಿ ಎಂದುಕೊಂಡೆ. ನನ್ನ ಹೆಗಲಿಗೆ ಶಾಲು ಬಂತು, ಕೊರಳಿಗೆ ಹಾರ ಬಂತು. ಪಕ್ಕದವರಿಗೂ ಹೊದೆಸುತ್ತಿರುವ ಸದ್ದು ಕೇಳಿತು. ಚಪ್ಪಾಳೆ. ನಾನು ಕೈ ಚಾಚಿ ಅತ್ತೆಯ ಕೈ ಹಿಡಿದೆ.

ಕೈಗೆ ಸಿಕ್ಕಿದ್ದು ದಪ್ಪ ಮಣಿಕಟ್ಟು, ಅದರ ಮೇಲೆ ರೋಮ, ವಾಚಿನ ಪಟ್ಟಿ.

"ನಾನು," ಎಂದರು ಗಂಡ, ಕಿವಿಯ ಹತ್ತಿರ ಬಗ್ಗಿ. "ಎಳೆದುಕೊಂಡು ಬಂದರು ಮಾರಾಯ್ತಿ. ಎಷ್ಟು ಹೇಳಿದರೂ ಬಿಡಲಿಲ್ಲ. ಈಗ ಏನೂ ಮಾಡಬೇಡ."

ನಮ್ಮ ಕಡೆ ಸನ್ಮಾನವೆಂದರೆ ದಂಪತಿಯನ್ನು ಕೂರಿಸಿ ಮಾಡುವುದು. ಗಂಡನಿಗಾದರೆ ಹೆಂಡತಿ, ಹೆಂಡತಿಗಾದರೆ ಗಂಡ ಪಕ್ಕದಲ್ಲಿರಬೇಕು. ಇಲ್ಲವಾದರೆ ಏನೋ ಕಡಿಮೆಯಾದ ಹಾಗೆ. ಗಂಡ ಪರದೇಶದಲ್ಲಿದ್ದಾರೆ ಎಂದು ಟೀಚರ್ ಅತ್ತೆಯ ಹೆಸರು ಹೇಳಿದ್ದು, ಈಗ ಗಂಡನೇ ಮುಂದಿನ ಸಾಲಿನಲ್ಲಿ ಇದ್ದಾರಲ್ಲ, ಇನ್ನು ಅತ್ತೆಯನ್ನು ಕೂರಿಸಿದರೆ ನೋಡುವವರಿಗೆ ಹೇಗೆ ಕಾಣುತ್ತದೆ ಎಂದು ಸಂಘದವರು ಯೋಚಿಸಿದ್ದು. ಕೆಟ್ಟವರಲ್ಲ. ನನಗೆ ಗೌರವ ಕಡಿಮೆಯಾಗಬಾರದೆಂದೇ ಮಾಡಿದ್ದು. ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು. ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು.

ಮೈಕು ನನ್ನ ಕೈಗೆ ಬಂದಾಗ ಹೇಳಿದೆ. "ಈ ಎರಡನೆಯ ಕುರ್ಚಿ ನನ್ನ ಅತ್ತೆಯದು. ನನ್ನ ತಲೆ ಗೋಡೆಗೆ ಬಡಿಯದ ಹಾಗೆ ಕಾದವರು ಅವರು. ಅವರು ಕೆಳಗೆ ಕೂತಿದ್ದಾರೆ. ದಯವಿಟ್ಟು ಅವರನ್ನು ಮೇಲೆ ಕರೆತನ್ನಿ."

ಚಪ್ಪಾಳೆ ಬಂತು, ನಿಂತಿತು. ಆಮೇಲೆ ಕುರ್ಚಿಗಳ ಸದ್ದು, ಪಿಸುಮಾತು. ಯಾರೋ "ಅವರು ಊಟದ ಹಾಲಿಗೆ ಹೋಗಿದ್ದಾರೆ" ಎಂದರು. ನಿರೂಪಕರು ಸಮಯದ ಅಭಾವ ಎಂದರು, ಮುಂದಿನವರ ಹೆಸರು ಕರೆದರು. ಮೊದಲಿನ ಹುಡುಗಿಯೇ ಬಂದು ನನ್ನ ತೋಳು ಹಿಡಿದಳು. ನಾನು ಇಳಿದೆ.

ಮನೆಗೆ ಹೊರಟ ಕಾರು ಮಡಂತ್ಯಾರು ದಾಟಿತು. ಶಾಲುಗಳು ಎರಡು, ಹಾರಗಳು ಎರಡು, ಹಣ್ಣಿನ ಬುಟ್ಟಿಗಳು ಎರಡು ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಇದ್ದವು.

"ಯಾಕೆ ಎದ್ದು ಹೋದದ್ದು ಮಾಮಿ?"

"ಇವನನ್ನು ಎಬ್ಬಿಸಿಕೊಂಡು ಹೋದದ್ದು ಕಂಡಿತು. ನಾನು ಅಲ್ಲೇ ಕೂತಿದ್ದರೆ ನೀನು ಸಭೆಯಲ್ಲಿ ರಂಪ ಮಾಡುತ್ತಿದ್ದೆ. ನಿನ್ನ ಸಿಟ್ಟು ನನಗೆ ಗೊತ್ತಿಲ್ಲವಾ?"

"ರಂಪ ಆಗಲೇ ಮಾಡಿ ಆಯಿತು."

"ಕೇಳಿತು. ಮೈಕು ಊಟದ ಹಾಲಿಗೂ ಇಟ್ಟಿದ್ದರು."

ಆ ಶಾಲು ಅಮ್ಮನದು, ಮನೆಗೆ ಹೋದ ಕೂಡಲೇ ತಾನೇ ಹೊದೆಸುತ್ತೇನೆ ಎಂದರು ಗಂಡ.

"ಬೇಡ ಮಗಾ," ಎಂದರು ಅತ್ತೆ. "ಚಳಿಗೆ ಆದರೆ ಯಾವ ಶಾಲಾದರೂ ಆಗ್ತದೆ. ನನ್ನನ್ನು ಕರೆದಿದ್ದರೆ ನಾನು ಬರುತ್ತಿರಲಿಲ್ಲ. ಆ ವೇದಿಕೆ, ಆ ಹಾರ, ನನಗೆ ನಾಚಿಕೆ. ಬೇಡ ಅಂತಲೇ ಹೇಳುತ್ತಿದ್ದೆ." ಆಮೇಲೆ ಮೆಲ್ಲಗೆ ಹೇಳಿದರು, "ಆದರೆ ಬೇಡ ಅಂತ ಹೇಳಲಿಕ್ಕಾದರೂ ಒಬ್ಬರು ಕೇಳಬೇಕಿತ್ತು."

ನಾನು ಮುಂದಿನ ಸೀಟಿನಿಂದ ಹಿಂದಕ್ಕೆ ಕೈ ಚಾಚಿದೆ. ಅವರು ಹಿಡಿಯಲಿಲ್ಲ; ಹೊಸ ಸೀರೆಯ ಮಡಿಕೆ ಸರಿ ಮಾಡಿಕೊಳ್ಳುತ್ತಿದ್ದ ಸರಸರ ಕೇಳಿತು.

ಮೂಡುಬಿದಿರೆಯ ಸ್ಪರ್ಧೆಗೆ ಮೊದಲು ನಾನು ಕೋಚನ್ನು ಹಿಡಿದೆ. ಸ್ಪರ್ಧೆ ಶುರುವಾಗುವ ಮೊದಲು ಯಾವ ಲೇನಿನಲ್ಲಿ ಯಾರು ಎಂದು ಮೈಕಿನಲ್ಲಿ ಓದುತ್ತಾರೆ. ನನ್ನ ಹೆಸರಿನ ಜೊತೆಗೆ ನನಗೆ ತಟ್ಟುವವರ ಹೆಸರನ್ನೂ ಓದಿಸಬೇಕು ಎಂದೆ.

"ಅಂಥ ಪದ್ಧತಿ ಇಲ್ಲ ಮೇಡಂ."

"ದಂಪತಿಯನ್ನು ಕೂರಿಸುವ ಪದ್ಧತಿ ಉಂಟು, ಇದು ಇಲ್ಲವಾ?"

ಅವರಿಗೆ ನನ್ನ ಮಾತಿನ ತಲೆಬುಡ ಗೊತ್ತಾಗಲಿಲ್ಲ. ಆದರೆ ಅತ್ತೆಗೆ ಇದೇ ಕೊನೆಯ ಸ್ಪರ್ಧೆ ಎಂಬುದು ಕೋಚಿಗೆ ಗೊತ್ತಿತ್ತು. "ನನ್ನ ಹೆಸರು ಬೇಡ, ಅಮ್ಮನದ್ದು ಓದಿಸ್ತೇನೆ. ಹೆಸರೆಂತ ಅವರದ್ದು?" ಎಂದರು. ಇಷ್ಟು ವರ್ಷ ಅವರೊಂದಿಗೆ ಒಂದೇ ಕೊಳದ ಎರಡು ತುದಿಯಲ್ಲಿ ನಿಂತವರು ಕೇಳಿದ ಪ್ರಶ್ನೆ ಅದು. ಬಸ್ಸಿನಲ್ಲಿ ಅಮ್ಮ, ಕೊಳದಲ್ಲಿ ಟೀಚರ ಅತ್ತೆ, ಊರಲ್ಲಿ ಮಸ್ಕತ್‌ನವನ ತಾಯಿ. ನಾನು ಅವರ ಹೆಸರು ಹೇಳಿದೆ. ಹೇಳುವಾಗ ನನ್ನ ನಾಲಿಗೆಯೂ ತಡವರಿಸಿತು. ನಮ್ಮಲ್ಲಿ ಸೊಸೆ ಅತ್ತೆಯ ಹೆಸರು ಹಿಡಿದು ಮಾತಾಡುವುದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದಾಗ ಬಿಟ್ಟರೆ ಅದು ನನ್ನ ಬಾಯಿಗೆ ಬಂದದ್ದೇ ಇಲ್ಲ. ಅವರ ತವರು ನೆರಿಯ. ಕಾಡಿನ ಬದಿಯ ಊರು, ಮನೆಯ ಹಿಂದೆಯೇ ನೀರು ಹರಿಯುವ ತೋಡು, ಅಣ್ಣಂದಿರೆಲ್ಲ ಅದರಲ್ಲೇ ಬಿದ್ದುಕೊಂಡಿರುತ್ತಿದ್ದರಂತೆ. ಹುಡುಗಿ ಎಂದು ಇವರನ್ನು ದಡದಲ್ಲಿ ಅಂಗಿ ಕಾಯಲು ಕೂರಿಸುತ್ತಿದ್ದರಂತೆ. ನೆರಿಯದ ಹೆಸರನ್ನೂ ಸೇರಿಸಿ ಎಂದೆ.

ಸ್ಪರ್ಧೆಯ ದಿನ ನಾವು ಸಾಲಾಗಿ ನಿಂತೆವು. ಎಲ್ಲರೂ ಕಪ್ಪು ಬಣ್ಣ ಬಳಿದ ಕನ್ನಡಕ ಹಾಕಿಕೊಳ್ಳಬೇಕು. ಯಾರಿಗಾದರೂ ಚೂರು ಬೆಳಕು ಕಂಡರೆ ಅನ್ಯಾಯವಾಗಬಾರದು ಎಂದು. ನನಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ನನ್ನ ಹಿಂದೆ ದೋಟಿಯ ಬುಡ ನೆಲಕ್ಕೆ ತಾಗಿದ ಸದ್ದು ಕೇಳಿತು. ಅತ್ತೆ ಅಲ್ಲಿದ್ದಾರೆ. ಮೈಕಿನಲ್ಲಿ ಓದತೊಡಗಿದರು. ನನ್ನ ಹೆಸರು, ಬಂಟ್ವಾಳ. ಆಮೇಲೆ, "ಇವರಿಗೆ ತಟ್ಟುವವರು" ಎಂದು, ಅತ್ತೆಯ ಹೆಸರು. ತವರು ನೆರಿಯ.

ಕೊಳದ ಸುತ್ತ ಹೆಚ್ಚು ಜನ ಇರಲಿಲ್ಲ. ಮಕ್ಕಳನ್ನು ಕರೆತಂದ ತಂದೆ ತಾಯಂದಿರು, ಕೆಲವು ವಿದ್ಯಾರ್ಥಿಗಳು. ಅಲ್ಲೊಂದು ಇಲ್ಲೊಂದು ಚಪ್ಪಾಳೆ ಕೇಳಿತು. ಸೀಟಿ ಊದಿದರು, ನಾನು ನೀರಿಗೆ ಬಿದ್ದೆ.

ಆ ದಿನ ನಾನು ಈಜಿದ ಹಾಗೆ ಎಂದೂ ಈಜಿಲ್ಲ. ಆ ತುದಿಯಲ್ಲಿ ಕೋಚ್ ತಟ್ಟಿದರು, ತಿರುಗಿದೆ. ಇನ್ನು ಅತ್ತೆಯ ಕಡೆಗೆ. ಆ ಕಡೆಗೆ ಬರುವಾಗ ಯೋಚಿಸುವ ಅಭ್ಯಾಸವೇ ನನಗಿಲ್ಲ. ಇದ್ದ ಶಕ್ತಿಯನ್ನೆಲ್ಲ ಹಾಕಿ ಬಂದೆ. ಈಗ ತಟ್ಟುತ್ತಾರೆ, ಈಗ ತಟ್ಟುತ್ತಾರೆ ಎಂದು ಎಡ ಹೆಗಲು ಕಾಯುತ್ತಿತ್ತು.

ತಟ್ಟಲಿಲ್ಲ. ಬೆರಳುಗಳು ಮಡಚಿ, ಹಣೆ ಗೋಡೆಗೆ ಬಡಿಯಿತು.

ತಲೆಯೆತ್ತಿದಾಗ ಹುಬ್ಬಿನಿಂದ ಬಿಸಿಯಾಗಿ ಇಳಿಯುತ್ತಿತ್ತು. ಸುತ್ತ ಗದ್ದಲ. ಯಾರೋ ಗೆದ್ದರು, ನಾನಲ್ಲ. ಅದರ ನಡುವೆ ದೋಟಿ ನೆಲಕ್ಕೆ ಬಿದ್ದು ಉರುಳಿದ ಸದ್ದು, ಮತ್ತೆ ನನ್ನ ಹತ್ತಿರವೇ ನೀರು ಕಲಕಿದ ಸದ್ದು. ಅತ್ತೆ ಅಂಚಿನಲ್ಲಿ ಕೂತುಬಿಟ್ಟಿದ್ದರು. ಕಬ್ಬಿಣದ ಸರಳು ಬಿಟ್ಟು, ಆ ಮೊಣಕಾಲು ಮಡಚಿ, ಕಾಲುಗಳನ್ನು ನೀರಿಗೆ ಇಳಿಬಿಟ್ಟು ಕೂತಿದ್ದರು. ಒದ್ದೆ ಸೆರಗು ನನ್ನ ಹಣೆಯ ಮೇಲೆ ಒತ್ತಿತು.

"ಕಣ್ಣು ತುಂಬಿತ್ತು ಮಗಾ," ಎಂದರು. "ನೀನು ಎಲ್ಲಿದ್ದೀ ಅಂತ ಕಾಣಲಿಲ್ಲ. ಒಮ್ಮೆಯೂ ತಪ್ಪಿದವಳಲ್ಲ ನಾನು, ಇವತ್ತೇ ತಪ್ಪಿದೆ."

ನಾನು ಅವರ ಪಾದ ಹಿಡಿದುಕೊಂಡೆ. ನೀರಿನೊಳಗೆ ಅವು ತಣ್ಣಗಿದ್ದವು. ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ; ನಾನು ಸೋತಿದ್ದೆ, ಹಣೆ ಒಡೆದುಕೊಂಡಿದ್ದೆ, ಮತ್ತು ಇಷ್ಟು ಸಂತೋಷ ನನಗೆ ಯಾವ ಪದಕದಿಂದಲೂ ಆಗಿರಲಿಲ್ಲ. ಕೋಚ್ ಔಷಧದ ಪೆಟ್ಟಿಗೆ ಹಿಡಿದು ಓಡಿ ಬರುತ್ತಿದ್ದರು.

ಇದನ್ನೆಲ್ಲ ಬರೆಯುತ್ತೇನೆ ಎಂದಾಗ ಅತ್ತೆ ಒಂದೇ ಷರತ್ತು ಹಾಕಿದರು: ಬರೆಯುವುದಾದರೆ ಬರಿ, ಹೆಸರು ಮಾತ್ರ ಹಾಕಬೇಡ, ಮೈಕಿನಲ್ಲಿ ಒಮ್ಮೆ ಬಂದದ್ದು ಸಾಕು. ಹಾಗಾಗಿ ಇಲ್ಲಿ ಅವರ ಹೆಸರಿಲ್ಲ. ಆದರೆ ಅಂದು ಆ ಅಂಚಿನಲ್ಲಿ, ನನ್ನ ಹಣೆಗೆ ಸೆರಗು ಒತ್ತಿ ಹಿಡಿದೇ, ನನಗೆ ಮಾತ್ರ ಕೇಳುವ ಹಾಗೆ ಅವರು ಕೇಳಿದ್ದರು, "ನನಗೆ ಗಾಬರಿಯಲ್ಲಿ ಸರಿ ಕೇಳಲಿಲ್ಲ. ಹೇಗೆ ಓದಿದ್ದು ಅದನ್ನು? ಒಮ್ಮೆ ಹೇಳು."

ನಾನು ಅವರ ಮುಖ ಇರುವಲ್ಲಿಗೆ ಮುಖವೆತ್ತಿ, ಅವರ ಹೆಸರನ್ನು ಪೂರ್ತಿಯಾಗಿ ಹೇಳಿದೆ.